ತುಟಿಗೆ ತಾಗಿದ ಎಳೆ

“ಬಾಯಿ ತಗಿ ಅಂದ್ರ ತಗೀತಾಳ್ರಿ, ಅಲಗಾಡದಂಗ ಇರು ಅಂದ್ರ ಮಾತ್ರ ಇರಾಂಗಿಲ್ಲ. ಆಕೀದೇನೂ ತಪ್ಪಿಲ್ಲ ಬಿಡ್ರಿ, ನಾನಽ ಕಲಿಸಿದ್ದು,” ಎಂದಿತು ಸ್ಪೀಕರಿನೊಳಗಿನ ಮುದಿ ದನಿ.

ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯಲ್ಲಿ ಪರದೆಯ ಮುಂದೆ ಕುಳಿತಿದ್ದ ಇಂದುಮತಿಗೆ ನಗು ಬಂತು. ಆ ದನಿ ಬರುತ್ತಿದ್ದುದು ಗುಳೇದಗುಡ್ಡದಲ್ಲಿ, ಸಂತೆ ಬಯಲಿನ ಬೇವಿನ ಮರದ ಕೆಳಗೆ ನಿಂತಿದ್ದ ದಂತವೈದ್ಯರ ಬಸ್ಸಿನಿಂದ. ಬಸ್ಸಿನಲ್ಲಿ ಕುರ್ಚಿ, ದೀಪ, ಡಾಕ್ಟರು, ನರ್ಸು ಎಲ್ಲ ಇದ್ದರು. ಚಿತ್ರ ಓದುವವಳು ಮಾತ್ರ ಇಲ್ಲಿ, ಇಷ್ಟು ದೂರದಲ್ಲಿ. ಇತ್ತೀಚಿನ ವರ್ಷಗಳಲ್ಲಿ ಊರೂರು ತಿರುಗುವ ಬಸ್ಸುಗಳೆಲ್ಲ ಹೀಗೇ ನಡೆಯುತ್ತಿದ್ದವು.

“ಏನ್ ಕಲಿಸೀರವ್ವಾ?” ಎಂದು ಕೇಳಿದಳು ಇಂದುಮತಿ.

“ಲಾಳಿ ಹೀರೂದು. ನಾವು ಕುಬಸದ ಖಣ ನೇಯೂ ಮಂದಿ. ಲಾಳಿ ಒಳಗ ನೂಲು ಸುತ್ತಿದ ಕಂಡಿಕಿ ಇರತೈತಿ, ಅದರ ನೂಲು ಲಾಳಿ ಕಣ್ಣಾಗಿಂದ ಹೊರಗ ಬರಬೇಕಲ್ಲ? ಕಡ್ಡಿ ಹಾಕಿ ಜಗ್ಗಿದ್ರ ರೇಷ್ಮಿ ಹರೀತೈತಿ. ಅದಕ್ಕ ತುಟಿ ಹಚ್ಚಿ ಸಣ್ಣಗ ಉಸಿರು ಎಳದ್ರ, ಎಳಿ ತಾನಽ ತುಟಿಗೆ ಬಂದು ಕುಂದರತೈತಿ. ನಮ್ಮ ದಾನಮ್ಮ ಮದಿವಿಯಾಗಿ ಬಂದಾಗಿಂದ ಅದನ್ನ ಮಾಡಾಕತ್ತಾಳ. ಈಗ ನಿಮ್ಮ ನರ್ಸಬಾಯಿ ತುಟಿಗೆ ದಾರ ಮುಟ್ಟಿಸಿದ್ರ ಸುಮ್ಮನಿರು ಅಂದ್ರ, ಹೆಂಗಿರತಾಳ?”

ದಾನಮ್ಮನ ಅತ್ತೆ ಭೌರವ್ವನಿಗೆ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಆದರೆ ಮಾತು ಒಂದೂ ಉದುರಿರಲಿಲ್ಲ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ದಾನಮ್ಮ ಮಾತಾಡಲಾಗದೆ ಗಂಟಲಿನಲ್ಲೇ “ಹ್ಞೂಂ” ಅಂದಳು. ಎಡಗಡೆಯ ಕೆಳದವಡೆಯ ಕೊನೆಯಲ್ಲಿ ಅವಳ ಬುದ್ಧಿಹಲ್ಲು ಅಡ್ಡ ಮಲಗಿತ್ತು. ತಿಂಗಳಿಗೊಮ್ಮೆ ವಸಡು ಊದಿ, ಬಾಯಿ ತೆರೆಯಲಾಗದೆ, ಗಂಜಿ ಕುಡಿದು ಮಗ್ಗಕ್ಕೆ ಕೂರುವ ಹೆಂಗಸು ಅವಳು. ತೆಗೆಯಲೇಬೇಕಾದ ಹಲ್ಲು. ತೊಡಕಿದ್ದದ್ದು ಹಲ್ಲಿನಲ್ಲಲ್ಲ, ಅದರ ಬೇರಿನ ಕೆಳಗೆ.

ಕೆಳದವಡೆಯ ಎಲುಬಿನ ಒಳಗೆ ಒಂದು ಸಣ್ಣ ಕಾಲುವೆ ಇದೆ. ತುಟಿಗೆ ತಾಗಿದ್ದನ್ನೆಲ್ಲ ಮಿದುಳಿಗೆ ಮುಟ್ಟಿಸುವ ನರ ಹಾದುಹೋಗುವುದು ಅದರಲ್ಲೇ. ಬುದ್ಧಿಹಲ್ಲಿನ ಬೇರು ಕೆಲವರಿಗೆ ಈ ಕಾಲುವೆಯ ದಂಡೆಯ ಮೇಲೇ ಕಾಲು ಚಾಚಿರುತ್ತದೆ. ಹಲ್ಲು ಕೀಳುವಾಗ ನರಕ್ಕೆ ಒತ್ತು ಬಿದ್ದರೆ ಕೆಲವು ತಿಂಗಳು ತುಟಿಗೆ ಜೋಮು. ನರವೇ ಕಡಿದುಹೋದರೆ ಜೋಮು ಕಾಯಂ. ಹಿಂದಿನ ಕಾಲದ ಎಕ್ಸ್‌ರೇ ಆಗಲಿ, ಸುತ್ತ ತಿರುಗಿ ತೆಗೆಯುವ ಸ್ಕ್ಯಾನ್ ಆಗಲಿ, ಕಾಲುವೆ ಎಲ್ಲಿದೆ ಎಂದು ತೋರಿಸುತ್ತಿದ್ದವು. ಅದರಲ್ಲಿ ನೀರು ಹರಿಯುತ್ತಿದೆಯೇ, ಬೇರೆ ಕಡೆಯಿಂದ ಇನ್ನೊಂದು ಸಣ್ಣ ಸೆಲೆ ಬಂದು ಸೇರುತ್ತಿದೆಯೇ, ಅದನ್ನೆಲ್ಲ ಹೇಳುತ್ತಿರಲಿಲ್ಲ.

ಈ ಹೊಸ ಯಂತ್ರ ಹೇಳುತ್ತಿತ್ತು. ಗಲ್ಲದ ಸುತ್ತ ಕುದುರೆ ಲಾಳದ ಆಕಾರದ ಪಟ್ಟಿ ಕಟ್ಟಿ, ಕೂದಲಿನಷ್ಟು ತೆಳ್ಳಗಿನ ನೈಲಾನ್ ದಾರದಿಂದ ತುಟಿಯನ್ನು ಮುಟ್ಟಿದರೆ, ನರದಲ್ಲಿ ಏಳುವ ಮಿಂಚನ್ನು ಆ ಪಟ್ಟಿ ಹಿಡಿಯುತ್ತಿತ್ತು. ಪರದೆಯ ಮೇಲೆ ಎಲುಬಿನ ಬೂದು ಚಿತ್ರದೊಳಗೆ ಹಳದಿ ಗೆರೆಯೊಂದು ಹೊತ್ತಿಕೊಳ್ಳುತ್ತಿತ್ತು. ಜೊತೆಗೆ ಇಂದುಮತಿಯ ತೋರುಬೆರಳಿಗೆ ಒಂದು ಟೊಪ್ಪಿಗೆ, ದರ್ಜಿಗಳು ಸೂಜಿ ಚುಚ್ಚದಿರಲೆಂದು ಹಾಕಿಕೊಳ್ಳುವಂಥದ್ದು. ರೋಗಿಯ ತುಟಿಗೆ ಎಲ್ಲಿ ತಾಗಿತೋ ಬೆರಳ ತುದಿಯಲ್ಲಿ ಅಲ್ಲೇ ಅದು ತಾಗಿಸುತ್ತಿತ್ತು. ಒತ್ತು, ತಂಪು, ಬಿಸಿ ಎಲ್ಲವನ್ನೂ. ಕಣ್ಣು ತಪ್ಪಿದರೂ ಬೆರಳು ತಪ್ಪಬಾರದು ಎಂದು ಯಂತ್ರ ಮಾಡಿದವರ ಲೆಕ್ಕಾಚಾರ.

ನರ್ಸು ಶಾಹೀನ್ ಮತ್ತೆ ದಾರ ತಾಗಿಸಿದಳು. ಇಂದುಮತಿಯ ಬೆರಳಿಗೆ ಸಣ್ಣ ಚುಚ್ಚು. ಒಡನೆಯೇ ಸ್ಪೀಕರಿನಲ್ಲಿ ‘ಚುಕ್’ ಎಂಬ ಸದ್ದು. ದಾನಮ್ಮ ಉಸಿರು ಎಳೆದಿದ್ದಳು. ದವಡೆ ಅಲುಗಿತು, ಹಳದಿ ಗೆರೆ ನಡುಗಿತು. ಅದರ ಮೇಲ್ಗಡೆ ಇನ್ನೊಂದು ತೆಳ್ಳಗಿನ ಮಸುಕು ಗೆರೆ ಕಾಣಿಸಿ ಮಾಯವಾಯಿತು.

“ಸರ್, ಎರಡು ಗೆರಿ ಬರಾಕತ್ತಾವ್ರಿ,” ಎಂದಳು ಇಂದುಮತಿ.

“ಅಲಗ್ಯಾಡಿದ್ರ ಬಂದಽ ಬರ್ತಾವಲ್ಲ,” ಎಂದರು ಡಾಕ್ಟರ್ ಮುದಗಲ್ಲ. “ಫೋಟೋ ತಗಿಯೂ ಹೊತ್ತಿಗೆ ಕೈ ನಡುಗಿದ್ರ ಒಂದು ಮೂಗು ಎರಡಾಗೂದಿಲ್ಲೇನು? ಇನ್ನೊಂದ್ಸಲ ನೋಡೂಣು. ದಾನಮ್ಮಾರಽ, ಇದು ಲಾಳಿ ಅಲ್ಲ, ಬರೇ ದಾರ. ಎಳೀಬ್ಯಾಡ್ರಿ.”

ಚುಕ್.

“ಎಳೀಬ್ಯಾಡ್ರಿ ಅಂದೆ.”

ಚುಕ್.

ಶಾಹೀನ್ ನಕ್ಕಳು, ಭೌರವ್ವ ನಕ್ಕಳು, ಬಾಯಿ ತೆರೆದೇ ದಾನಮ್ಮನೂ ನಕ್ಕಳು. ಗೆರೆಗಳು ಎರಡಲ್ಲ, ಹತ್ತಾದವು. ಮತ್ತೆ ಮತ್ತೆ ನೋಡಿದ್ದಾಯಿತು. ಯಂತ್ರವೂ ಪರದೆಯ ಮೂಲೆಯಲ್ಲಿ ಬರೆದು ತೋರಿಸುತ್ತಿತ್ತು: ಅಲುಗಾಟದ ನೆರಳು, ಒರೆಸಬಹುದು. ಇಂಥ ಚಿತ್ರಗಳನ್ನು ಇಂದುಮತಿ ನೋಡಿಲ್ಲವೆಂದಲ್ಲ. ಕೆಮ್ಮುವವರು, ಬಿಕ್ಕಳಿಸುವವರು, ಹೆದರಿ ಹಲ್ಲು ಕಟಕಟ ಅನ್ನಿಸುವವರು ಎಲ್ಲರಿಗೂ ನೆರಳು ಬೀಳುತ್ತಿತ್ತು. ಇಲ್ಲಿ ಕಾರಣ ಕಣ್ಣೆದುರಿಗೇ ಇತ್ತು, ಕಿವಿಗೂ ಕೇಳುತ್ತಿತ್ತು. ಅವಳು ‘ಒರೆಸು’ ಎಂಬುದನ್ನು ಒತ್ತಿದಳು. ಮಸುಕು ಗೆರೆ ಹೋಯಿತು. ಉಳಿದ ಹಳದಿ ಗೆರೆ ಬೇರಿನಿಂದ ದೂರವಾಗಿ, ಸುರಕ್ಷಿತವಾಗಿ ಸಾಗಿತ್ತು.

“ಚಂದ ಐತ್ರಿ ಸರ್. ಬೇರಿಗೂ ನರಕ್ಕೂ ಜಾಗಾ ಐತಿ.”

“ಹಂಗಾದ್ರ ಮುಂದಿನ ವಾರ ಬಸ್ ಬಂದಾಗ ತಗದಽ ಬಿಡೂಣು,” ಎಂದರು ಡಾಕ್ಟರು.

ಪಟ್ಟಿ ಬಿಚ್ಚಿದ ಮೇಲೆ ದಾನಮ್ಮ ಮೊದಲ ಸಲ ನೆಟ್ಟಗೆ ಮಾತಾಡಿದಳು. ತೀರ ಮೆಲ್ಲಗಿನ ದನಿ. “ಅಕ್ಕಾರಽ, ನೀವು ಚಿತ್ರ ನೋಡಾವ್ರಲ್ಲ? ನನ್ನ ತುಟಿಗೆ ಏನೂ ಆಗೂದಿಲ್ಲಲ್ರಿ?”

“ಆಗೂದಿಲ್ಲವ್ವಾ. ನಾ ನೋಡೀನಲ್ಲ,” ಎಂದಳು ಇಂದುಮತಿ.

ಸಂಜೆ ಮನೆಯಲ್ಲಿ ಅವ್ವ ಒಗ್ಗರಣೆ ಅವಲಕ್ಕಿ ಮಾಡಿದ್ದಳು. ಅಪ್ಪ ಮಾರುತೆಪ್ಪ ತಾಟು ಹಿಡಿದು ಬಾಗಿಲ ಬಳಿ ಕುಳಿತಿದ್ದ. ಅವನ ಕೆಳದುಟಿಯ ಬಲಗಡೆ ಅವಲಕ್ಕಿಯ ಒಂದು ಕಾಳು ಅಂಟಿಕೊಂಡು ಕುಳಿತಿತ್ತು. ಅವ್ವ ಅಡಿಗೆಮನೆಯಿಂದಲೇ ಅದನ್ನು ಕಂಡಳು. ಏನೂ ಹೇಳದೆ ತನ್ನ ತುಟಿಯ ಬಲಗಡೆ ಬೆರಳಿಟ್ಟಳು. ಅಪ್ಪ ಕೂಡಲೇ ಅಂಗೈಯಿಂದ ಬಾಯಿ ಒರೆಸಿಕೊಂಡ. ಈ ಮನೆಯಲ್ಲಿ ಇಂದುಮತಿ ಹುಟ್ಟುವ ಮೊದಲಿನಿಂದ ನಡೆದುಬಂದ ಸನ್ನೆ ಅದು. ಮದುವೆಮನೆಯ ಪಂಕ್ತಿಯಲ್ಲಿ ಗಂಡಸರು ಆ ಕಡೆ, ಹೆಂಗಸರು ಈ ಕಡೆ ಕುಳಿತರೂ, ಅವ್ವನ ಬೆರಳು ಅವ್ವನ ತುಟಿಗೆ ಹೋಯಿತೆಂದರೆ ಅಷ್ಟು ದೂರದಲ್ಲಿ ಅಪ್ಪನ ಕೈ ಅಪ್ಪನ ಬಾಯಿಗೆ ಹೋಗುತ್ತಿತ್ತು.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಹರೆಯದಲ್ಲಿ ಬುದ್ಧಿಹಲ್ಲು ಕೀಳಿಸಿಕೊಂಡ ಮೇಲೆ ತುಟಿಯ ಬಲಭಾಗಕ್ಕೆ ಜೋಮು ಹಿಡಿಯಿತು, ಮತ್ತೆ ಬಿಡಲಿಲ್ಲ.

“ಇವತ್ತು ಯಾರ ತುಟಿ ನೋಡಿದಿವಾ?” ಎಂದ ಅಪ್ಪ. ದಿನಾ ಕೇಳುವ ಪ್ರಶ್ನೆ.

ಇಂದುಮತಿ ಲಾಳಿಯ ಕಥೆ ಹೇಳಿದಳು. ಚುಕ್ ಎಂದು ಎಳೆದು ತೋರಿಸಿದಳು. ಅಪ್ಪ ನಕ್ಕು, ತಾಟು ಕೆಳಗಿಟ್ಟ.

“ನನಗ ಸೀಟಿ ಹೋತು ನೋಡು. ಊದಿದ್ರ ಬರೇ ಗಾಳಿ, ಮ್ಯಾಲ ಜೊಲ್ಲು. ಡ್ರೈವರ್ ಹಿಂದ ತಿರುಗಿ ನೋಡ್ತಿದ್ದ, ಏನಪಾ ಮಾರುತೆಪ್ಪ, ಬಸ್ ಬಿಡ್ಲೋ ಇಲ್ಲಾ ಕುಂದರ್ಲೋ ಅಂತ. ಆಮ್ಯಾಲೆ ಬಾಗಲಾ ಬಡದು ಬಡದಽ ಸರ್ವೀಸ್ ಮುಗಿಸಿದೆ. ನನಗೇನು, ಬಾಗಲಾ ಇತ್ತು. ಆಕಿಗೆ ತುಟಿ ಹೋದ್ರ ಏನು ಬಡೀಬೇಕು?”

“ಏನೂ ಆಗೂದಿಲ್ಲಪ್ಪಾ. ಚಿತ್ರ ಸ್ವಚ್ಛ ಐತಿ.”

“ಆಗೂದಿಲ್ಲ ಬಿಡು. ನೀ ನೋಡಿದ ಮ್ಯಾಲೆ,” ಎಂದು ಅಪ್ಪ ಮತ್ತೆ ತಾಟು ಎತ್ತಿಕೊಂಡ. “ನನ್ನ ಪಾಡೇನು ಕೆಟ್ಟಿಲ್ಲ. ಈ ಕಡೆ ತುಟಿಗೆ ಗೊತ್ತಾಗೂದಿಲ್ಲ ಅಂತ ನಿಮ್ಮವ್ವ ಆ ಕಡೆಗೆ…”

“ಮಗಳ ಮುಂದ ಏನ್ ಮಾತಾಡ್ತೀರಿ? ಸುಮ್ಮನ ತಿನ್ರಿ,” ಎಂದಳು ಅವ್ವ ಒಳಗಿನಿಂದ.

ಅದೇ ವಾರ ಗುಳೇದಗುಡ್ಡದ ದಾನಮ್ಮನ ಮನೆಯಲ್ಲಿ ಬೇರೆಯೇ ಪಾಠ ನಡೆದಿತ್ತು. ಒಂದು ಕಾಲದಲ್ಲಿ ಓಣಿ ಓಣಿಗೂ ಮಗ್ಗದ ಸದ್ದಿದ್ದ ಊರು ಅದು. ಈಗ ಊರ ಹೊರಗಿನ ಶೆಡ್ಡುಗಳಲ್ಲಿ ಯಂತ್ರಗಳು ಮನುಷ್ಯರನ್ನು ಕೇಳದೆಯೇ ಖಣ ನೇಯುತ್ತಿದ್ದವು. ಕೈಮಗ್ಗದ ರೇಷ್ಮೆ ಖಣ ಬೇಕು ಎನ್ನುವವರು ಹುಡುಕಿಕೊಂಡು ಬರುವ ಮನೆಗಳು ಉಳಿದದ್ದು ಕೆಲವೇ. ಭೌರವ್ವನದು ಅದರಲ್ಲೊಂದು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಾನಮ್ಮ ನೇಯುತ್ತಿದ್ದಳು, ಪಕ್ಕದಲ್ಲಿ ಕುಳಿತು ಭೌರವ್ವ ಕಂಡಿಕೆ ಸುತ್ತುತ್ತಿದ್ದಳು. ದಾನಮ್ಮನ ಗಂಡ ಮಾನಪ್ಪ ಶೆಡ್ಡಿನಲ್ಲಿ ಕೆಲಸಕ್ಕಿದ್ದ.

ದಾನಮ್ಮನ ತುಟಿಗೆ ನೂಲು ತಾಗುವುದೆಂದರೆ ಬರೀ ನೂಲು ಹೊರಗೆ ಬರುವುದಲ್ಲ. ಎಳೆ ತುಟಿ ದಾಟುವ ಆ ಒಂದು ಕ್ಷಣದಲ್ಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು: ರೇಷ್ಮೆ ಒಣಗಿದೆಯೋ, ನೀರು ಚಿಮುಕಿಸಬೇಕೋ, ಎಲ್ಲಿಯೋ ಜುಂಗು ಎದ್ದಿದೆಯೋ. ಒಣಗಿದ ಎಳೆ ಹಾಗೇ ಹಾಕಿದರೆ ಅಂಚಿನಲ್ಲಿ ಪಟಪಟನೆ ಹರಿಯುತ್ತದೆ. ಬೆರಳಿಗೆ ಅದು ತಿಳಿಯುವುದಿಲ್ಲ, ನೇಯುವವರ ಬೆರಳು ಜಡ್ಡುಗಟ್ಟಿರುತ್ತದೆ.

“ಬಾ ಇಲ್ಲಿ, ಕಣ್ಣು ಮುಚ್ಚು,” ಎಂದಳು ಭೌರವ್ವ ಒಂದು ಮಧ್ಯಾಹ್ನ. “ಎಳಿ ಮುಟ್ಟಸ್ತೀನಿ. ಹೀರಬ್ಯಾಡ. ಆ ಡಾಕ್ಟರ್ ಮುಂದ ಮಾನಾ ಕಳದಿ.”

ದಾನಮ್ಮ ಕಣ್ಣು ಮುಚ್ಚಿದಳು. ತುಟಿಗೆ ಎಳೆ ತಾಗಿತು. ಚುಕ್.

“ನಿನ್ನ ಬುದ್ಧಿ ಎಲ್ಲಾ ಆ ಹಲ್ಲಿನಾಗಽ ಐತೇನ? ಹೀರಬ್ಯಾಡ ಅಂದೆ.”

“ನಾ ಹೀರೂದಿಲ್ಲತ್ತಿ, ಅದಽ ಹೀರತೈತಿ. ನಿಮಗ ಮುಟ್ಟಸ್ಲೇನು?”

ಭೌರವ್ವನ ಒಣಗಿದ ತುಟಿಗೆ ದಾನಮ್ಮ ಎಳೆ ತಾಗಿಸಿದಳು. ಹಲ್ಲಿಲ್ಲದ ಬಾಯಿ ಚುಕ್ ಅಂದಿತು. ಇನ್ನೂ ಜೋರಾಗಿ. ಇಬ್ಬರೂ ಮಗ್ಗದ ಮರಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಿದ್ದ ದಾನಮ್ಮನ ಕಣ್ಣು ತುಂಬಿದ್ದು ಭೌರವ್ವನಿಗೆ ತುಸು ತಡವಾಗಿ ಕಂಡಿತು.

“ಯಾಕಽ?”

“ಏನಿಲ್ರಿ. ನಾಳಿಗೆ ತುಟಿಗೆ ಗೊತ್ತಾಗಲಿಲ್ಲಂದ್ರ?”

“ಆ ಹುಬ್ಬಳ್ಳಿ ಅಕ್ಕ ಏನೂ ಆಗೂದಿಲ್ಲ ಅಂದಾಳಲ್ಲ.”

“ಅಂದಾಳ. ಆದ್ರ ಆತಂದ್ರ?”

ಭೌರವ್ವ ಕಂಡಿಕೆಯನ್ನು ಬೆರಳಲ್ಲಿ ಸುಮ್ಮನೆ ತಿರುಗಿಸಿದಳು. “ಆದ್ರ ನಾ ಎಳದು ಕೊಡ್ತೀನಿ, ನೀ ನೇಯಿ.”

“ನೀವಿರೂ ತನಕ.”

“ಹಂಗಾದ್ರ ಇರತೀನಿ ಬಿಡು. ನನಗೇನು ಅವಸರ ಐತಿ?” ಎಂದಳು ಭೌರವ್ವ. ಎಳೆ ತುಂಡಾಗಿರಲಿಲ್ಲ, ಆದರೂ ಅದರ ತುದಿ ಹುಡುಕುತ್ತ ಬಹಳ ಹೊತ್ತು ತಲೆ ಬಗ್ಗಿಸಿ ಕುಳಿತಳು.

ಬಸ್ಸು ಮತ್ತೆ ಬಂತು. ದಾನಮ್ಮ ಹೊಸ ಸೀರೆ ಉಟ್ಟು ಬಂದಿದ್ದಳು, ಮದುವೆಗೆ ಬಂದವಳಂತೆ. ಡಾಕ್ಟರ್ ಮುದಗಲ್ಲ ದವಡೆಯ ಹಿಂದೆ ಜೋಮಿನ ಸೂಜಿ ಕೊಟ್ಟು, ಸೂಜಿ ಹತ್ತುವ ತನಕ ಊರಿನ ಖಣದ ಬಣ್ಣಗಳ ಬಗ್ಗೆ ಕೇಳುತ್ತ ಅವಳನ್ನು ಮಾತಿಗೆ ಎಳೆದರು. ಸ್ವಲ್ಪ ಹೊತ್ತಿನಲ್ಲೇ ಅವಳ ಮಾತು ತೊದಲಿತು.

“ತುಟಿ ದಪ್ಪ ಆದಂಗ ಆಗೇತ್ರಿ.”

“ಸರಿ. ಶಾಹೀನ್, ದಾರ ಮುಟ್ಟಿಸಿ ನೋಡವಾ. ಇಂದುಮತಿ, ನಿಮ್ಮ ಕಡೆ ಏನರೆ ಬಂತೇನು ಹೇಳ್ರಿ.”

ಕೆಲಸ ಶುರು ಮಾಡುವ ಮೊದಲು ನರ ಪೂರ್ತಿ ಮಲಗಿತೋ ಎಂದು ಗಲ್ಲಕ್ಕೆ ಪಟ್ಟಿ ಕಟ್ಟಿ ಹೀಗೆ ನೋಡುವುದು ವಾಡಿಕೆ. ಶಾಹೀನ್ ದಾರ ತಾಗಿಸಿದಳು. ಪರದೆಯ ಮೇಲಿನ ಹಳದಿ ಗೆರೆ ಆರಿಹೋಗಿತ್ತು. ಇಂದುಮತಿಯ ಬೆರಳಿಗೆ ಏನೂ ತಾಗಲಿಲ್ಲ. ಇನ್ನೊಂದು ಕಡೆ ತಾಗಿಸಿದಳು, ಅಲ್ಲೂ ಇಲ್ಲ.

“ಏನಿಲ್ರಿ ಸರ್. ನರ ಮಲಗೇತಿ.”

“ದಾನಮ್ಮಾರಽ, ಮುಟ್ಟಿದ್ದು ಗೊತ್ತಾಗತದೇನ್ರಿ?”

“ಇಲ್ರಿ,” ಎಂದಳು ದಾನಮ್ಮ ಉಬ್ಬಿದ ತುಟಿಯಿಂದ. “ಏನೂ ಗೊತ್ತಾಗವಲ್ದು.”

ಶಾಹೀನ್ ಕೊನೆಯದಾಗಿ ಎಡಮೂಲೆಯಿಂದ ಸ್ವಲ್ಪ ಕೆಳಗೆ ದಾರ ತಾಗಿಸಿ ಕೈ ತೆಗೆದಳು. ಡಾಕ್ಟರು ಕೈಗವಸು ಸರಿಮಾಡಿಕೊಂಡರು.

ಚುಕ್.

“ಇನ್ನೂ ಚಟಾ ಬಿಟ್ಟಿಲ್ಲ ನೋಡ್ರಿ,” ಎಂದು ಡಾಕ್ಟರು ನಕ್ಕರು. “ಹ್ಞಾಂ, ಶುರು ಮಾಡೂಣು.”

ಇಂದುಮತಿಯೂ ನಗಲಿಕ್ಕೆ ಬಾಯಿ ತೆರೆದಿದ್ದಳು. ನಗು ಅರ್ಧದಲ್ಲೇ ನಿಂತಿತು. ಚಟ ಸರಿ, ಆದರೆ ಎಳೆ ತಾಗಿದರೆ ತಾನೇ ಆ ಚಟ ಏಳುವುದು? ಮಲಗಿದ ತುಟಿಗೆ ಎಳೆ ತಾಗಿದ್ದನ್ನು ಯಾರು ಹೇಳಿದರು?

“ಸರ್, ಒಂದ್ ನಿಮಿಷ ತಡೀರಿ.”

“ಯಾಕ್ರಿ?”

“ಆಕಿ ಕಣ್ಣಿನ ಮ್ಯಾಲ ಒಂದು ಟವೆಲ್ ಹಾಕ್ರಿ. ದಾರ ಬರೂದು ಕಂಡು ಎಳದಿದ್ರ ಬ್ಯಾರೆ ಮಾತು.”

ಡಾಕ್ಟರು ಏನೂ ಕೇಳದೆ ತಾವೇ ಹಸಿರು ಟವೆಲ್ಲು ಹೊದಿಸಿದರು. ಭೌರವ್ವ ಕೂಡ ಮಾತು ನಿಲ್ಲಿಸಿದ್ದಳು.

ಶಾಹೀನ್ ತುಟಿಯ ನಡುವೆ ತಾಗಿಸಿದಳು. ಸದ್ದಿಲ್ಲ. ಸ್ವಲ್ಪ ಎಡಕ್ಕೆ ತಾಗಿಸಿದಳು. ಸದ್ದಿಲ್ಲ. ಗಲ್ಲದ ಹತ್ತಿರ ತಾಗಿಸಿದಳು. ಇಲ್ಲ. ಎಡಮೂಲೆಯಿಂದ ಸ್ವಲ್ಪ ಕೆಳಗೆ ತಾಗಿಸಿದಳು.

ಚುಕ್.

“ಈಗ ಗೊತ್ತಾತೇನ್ರಿ?” ಎಂದು ಕೇಳಿದರು ಡಾಕ್ಟರು.

“ಇಲ್ರಿ. ಯಾಕ, ಮುಟ್ಟಿದಿರೇನು?” ಎಂದಳು ದಾನಮ್ಮ ಟವೆಲ್ಲಿನ ಕೆಳಗಿನಿಂದ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಇಷ್ಟು ಸಣ್ಣ ಸುದ್ದಿ ಅವಳ ತನಕ ಬರುತ್ತಿರಲಿಲ್ಲ. ಉಸಿರಿನ ತನಕ ಮಾತ್ರ ಬಂದು ಹೋಗುತ್ತಿತ್ತು.

ಇಂದುಮತಿ ಹಳೆಯ ಚಿತ್ರ ತೆರೆದಳು. ಯಂತ್ರ ಒರೆಸಿದ್ದನ್ನು ಎಸೆಯುವುದಿಲ್ಲ, ಪಕ್ಕಕ್ಕೆ ಇಟ್ಟಿರುತ್ತದೆ; ಆದರೆ ಮತ್ತೆ ತೆರೆಯುವ ತನಕ ಆ ಗೆರೆಯಲ್ಲಿ ಬಂದದ್ದನ್ನು ಪರದೆಗೂ ಬೆರಳಿಗೂ ಕೊಡುವುದಿಲ್ಲ. ಒರೆಸಿದ ನೆರಳನ್ನು ಮತ್ತೆ ಮೇಲಕ್ಕೆ ತಂದಳು. ಬೆರಳಿನ ಟೊಪ್ಪಿಗೆಗೂ ಅದನ್ನು ಜೋಡಿಸಿದಳು.

“ಶಾಹೀನ್, ಅಲ್ಲೇ ಇನ್ನೊಂದ್ಸಲ.”

ಬೂದು ಎಲುಬಿನೊಳಗೆ ಕೂದಲಿನಂಥ ಗೆರೆಯೊಂದು ಹೊತ್ತಿಕೊಂಡಿತು. ಬೆರಳ ತುದಿಗೆ, ಎಡಕ್ಕೆ, ಸ್ವಲ್ಪ ಕೆಳಗೆ, ಇರುವೆ ಕಾಲಿಟ್ಟಷ್ಟು ಮೆತ್ತಗೆ ಏನೋ ತಾಗಿತು.

“ಸರ್, ಅದು ನೆರಳಲ್ರಿ,” ಎಂದಳು. “ದೊಡ್ಡ ಗೆರಿ ಆರಿ ಹೋಗೇತಿ. ಅದಽ ಇಲ್ಲ ಅಂದ ಮ್ಯಾಲೆ ಇದು ಯಾರ ನೆರಳು? ಇದು ಬ್ಯಾರೆ ನರ. ಆವತ್ತು ಒರಸಿದಾಕಿ ನಾನಽ.”

ಡಾಕ್ಟರ್ ಮುದಗಲ್ಲ ತಮ್ಮ ಕಡೆಯ ಪರದೆಗೆ ಮುಖ ಹತ್ತಿರ ತಂದು ನೋಡಿದರು. ತೆಳ್ಳಗಿನ ಗೆರೆ ದೊಡ್ಡ ಕಾಲುವೆಯ ಜೊತೆ ಹೋಗುತ್ತಿರಲಿಲ್ಲ. ಹಿಂದಿನಿಂದ ಬೇರೆಯೇ ದಾರಿ ಹಿಡಿದು ಬಂದು, ಅಡ್ಡ ಮಲಗಿದ ಹಲ್ಲಿನ ಎರಡು ಬೇರುಗಳ ನಡುವೆ ನುಸುಳಿ, ಮುಂದೆ ತುಟಿಯ ಕಡೆಗೆ ಹೊರಟಿತ್ತು. ಅದಕ್ಕೇ ಸೂಜಿಯ ಔಷಧಿ ಅದನ್ನು ಮುಟ್ಟಿರಲಿಲ್ಲ. ಬೇರು ಎತ್ತಿದ್ದರೆ ಅದು ಬೇರಿನ ಜೊತೆಯಲ್ಲೇ ಹರಿದು ಬರುತ್ತಿತ್ತು.

“ಒರಸಾಕ ಬಿಟ್ಟಾವ ನಾನಽ,” ಎಂದರು ಅವರು. “ಇಂಥಾ ಎರಡನೇ ನರ ಕೆಲವರಿಗೆ ಇರತದ ಅಂತ ಓದೀನಿ, ಓದಿಸೀನಿ. ಕಣ್ಣಾರೆ ನೋಡಿದಾಗ ಅಲಗ್ಯಾಡಿದಾಳ ಅಂದೆ ನೋಡ್ರಿ.” ಕೈಗವಸು ಬಿಚ್ಚಿ ಹಾಕಿ, ಸ್ಟೂಲು ಎಳೆದುಕೊಂಡು ದಾನಮ್ಮನ ಪಕ್ಕ ಕುಳಿತರು. ಟವೆಲ್ಲು ತೆಗೆದು ಅವಳನ್ನು ಎಬ್ಬಿಸಿ ಕೂರಿಸಿದರು.

“ನಿಮ್ಮ ತುಟಿಗೆ ಎರಡು ದಾರಿ ಅದಾವ್ರಿ ದಾನಮ್ಮಾರಽ. ಒಂದು ದೊಡ್ಡ ರಸ್ತಾ, ಒಂದು ಕಾಲ್ದಾರಿ. ಆ ಕಾಲ್ದಾರಿ ನಿಮ್ಮ ಹಲ್ಲಿನ ಬೇರಿನ ನಡುವಽ ಹಾದು ಹೋಗೇದ. ಪೂರ್ತಿ ಹಲ್ಲು ಕಿತ್ರ ಅದು ಉಳಿಯೂದಿಲ್ಲ.”

ದಾನಮ್ಮನ ಕೈ ಸೀರೆಯ ಸೆರಗಿನೊಳಗೆ ಹೋಯಿತು. “ಹಂಗಾದ್ರ ಬ್ಯಾಡ್ರಿ. ನೋವು ಇದ್ರ ಇರಲಿ. ಗಂಜಿ ಕುಡಕೊಂಡು ಇರತೀನಿ.”

“ಬ್ಯಾಡ ಅಂದ್ರ ಬ್ಯಾಡ. ಆದ್ರ ಇನ್ನೊಂದು ದಾರಿ ಅದ, ಕೇಳ್ರಿ. ನೋವು ಕೊಡಾಕತ್ತಿದ್ದು ಹಲ್ಲಿನ ಮ್ಯಾಲಿನ ಭಾಗ. ಅದನ್ನ ಅಷ್ಟಽ ಕತ್ತರಿಸಿ ತಗೀತೀನಿ. ಬೇರು ಅಲ್ಲೇ ಎಲುಬಿನಾಗ ಇರಲಿ. ನರದ ಸುದ್ದಿಗೆ ಹೋಗೂದಽ ಬ್ಯಾಡ. ಮ್ಯಾಲೆ ವಸಡು ಮುಚ್ಚಿಕೊಳ್ಳತದ. ಯಾವಾಗರೆ ಆ ಬೇರು ತಕರಾರು ಮಾಡಿದ್ರ ಆವಾಗ ನೋಡೂಣು, ಬಹಳ ಮಂದಿಗೆ ಮಾಡೂದಿಲ್ಲ.”

“ಅರ್ಧಾ ಹಲ್ಲು ಬಿಡ್ತೀರೇನು?” ಎಂದಳು ಭೌರವ್ವ. ಇಷ್ಟು ಹೊತ್ತು ಸುಮ್ಮನಿದ್ದುದರ ಬಾಕಿ ತೀರಿಸುವವಳಂತೆ. “ನಮ್ಮೂರಾಗ ಯಾರಿಗರೆ ಹೇಳಿದ್ರ ನಗತಾರ, ಡಾಕ್ಟರಿಗೆ ಪೂರ್ತಿ ಕೀಳಾಕ ಬರಲಿಲ್ಲ ಅಂತ.”

“ನಗಲಿ ಬಿಡವ್ವಾ,” ಎಂದರು ಡಾಕ್ಟರು. “ಬರಲಿಲ್ಲ ಅಂತನಽ ಹೇಳು.”

ದಾನಮ್ಮ ಡಾಕ್ಟರ ಮುಖ ನೋಡಲಿಲ್ಲ. ಗೋಡೆಗೆ ಅಂಟಿಸಿದ್ದ ಸ್ಪೀಕರಿನ ಕಡೆಗೆ ತಿರುಗಿದಳು. “ಅಕ್ಕಾರಽ, ನೀವೇನಂತೀರಿ?”

ಇಂದುಮತಿ ಆ ಸಣ್ಣ ಗೆರೆಯನ್ನು ಇನ್ನೊಮ್ಮೆ ನೋಡಿದಳು. ಹಿಂದಿನ ಸಲ ಎಷ್ಟು ಸಲೀಸಾಗಿ ‘ನಾ ನೋಡೀನಲ್ಲ’ ಎಂದಿದ್ದಳು.

“ದಾನಮ್ಮಾ, ಆವತ್ತು ಏನೂ ಆಗೂದಿಲ್ಲ ಅಂದೆ. ತಪ್ಪು ನೋಡಿ ಅಂದಿದ್ದೆ. ಇವತ್ತು ನಿನ್ನ ಉಸಿರು ನನಗ ತೋರಿಸ್ತು. ಡಾಕ್ಟರ್ ಹೇಳಿದ್ದು ಸರಿ ಅನ್ನಸತೈತಿ. ಕೆಲಸ ಮುಗಿಯೂ ತನಕ ಈ ಗೆರಿ ಮ್ಯಾಲಿಂದ ಕಣ್ಣು ತಗಿಯೂದಿಲ್ಲ. ಅಷ್ಟು ಹೇಳಬಲ್ಲೆ. ಹೂಂ ಅನ್ನೂದು, ಬ್ಯಾಡ ಅನ್ನೂದು ನಿನಗ ಬಿಟ್ಟದ್ದು.”

ದಾನಮ್ಮ ಅತ್ತೆಯ ಕಡೆ ನೋಡಿದಳು. ಭೌರವ್ವ ಸೊಸೆಯ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು, ಅಷ್ಟೇ.

“ಮಾಡ್ರಿ,” ಎಂದು ದಾನಮ್ಮ ಕುರ್ಚಿಗೆ ಒರಗಿದಳು.

ಆ ಕಾಲುದಾರಿಯನ್ನೂ ಸ್ವಲ್ಪ ಹೊತ್ತು ಮಲಗಿಸಲು ಹಲ್ಲಿನ ಹಿಂದೆ ಇನ್ನೊಂದು ಸೂಜಿ ಬೇಕಾಯಿತು. ಈ ಸಲ ಎಲ್ಲಿ ತಾಗಿಸಿದರೂ ಚುಕ್ ಇಲ್ಲ. ಸಣ್ಣ ಗೆರೆ ಮಸುಕಾಗಿ ಆರುವಾಗ ಇಂದುಮತಿಗೆ ಯಾರೋ ದೂರ ಹೊರಟುಹೋದಂತೆ ಅನಿಸಿತು. ಅದು ಇದ್ದ ಜಾಗಕ್ಕೆ ಗುರುತು ಹಾಕಿಟ್ಟು, ಡಾಕ್ಟರ ಯಂತ್ರದ ತುದಿ ಎಷ್ಟು ಹತ್ತಿರ ಬಂತೆಂದು ಹೇಳುತ್ತ ಹೋದಳು. “ಇನ್ನೂ ಜಾಗಾ ಐತ್ರಿ… ಮೆಲ್ಲಕ… ಸಾಕು, ಸಾಕ್ರಿ.” ಡಾಕ್ಟರು ಸಾಕೆಂದ ಕಡೆ ನಿಲ್ಲಿಸಿದರು. ಹಲ್ಲಿನ ಮೇಲ್ಭಾಗ ತಟ್ಟೆಯಲ್ಲಿ ಬಿದ್ದ ಸದ್ದು ಹುಬ್ಬಳ್ಳಿಗೂ ಕೇಳಿಸಿತು.

ಅಂದು ಸಂಜೆ ಅಪ್ಪ “ಇವತ್ತು ಯಾರ ತುಟಿ?” ಎಂದು ಕೇಳಿದಾಗ ಇಂದುಮತಿ ಎಲ್ಲವನ್ನೂ ಹೇಳಿದಳು, ತಾನು ಒರೆಸಿದ್ದನ್ನೂ ಸೇರಿಸಿ. ಅಪ್ಪ ಕೇಳುತ್ತ ಕೇಳುತ್ತ ತನ್ನ ತುಟಿಯ ಬಲಗಡೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ, ಯಾರದೋ ಮನೆಯ ಬಾಗಿಲು ತಟ್ಟುವವನಂತೆ.

“ಈಗ ಆಕಿಗೆ ಗೊತ್ತಾಗತೈತೇನು?”

“ಔಷಧಿ ಇಳದಿರಬೇಕು. ಆದ್ರ ನರಕ್ಕ ಏಟು ಬಿದ್ದಿದ್ರ ಜೋಮು ಹಂಗಽ ಉಳೀತೈತಿ. ಬಾವು ಇಳದು ಚಿತ್ರ ತಗಿಯೂ ತನಕ ಖಾತ್ರಿ ಇಲ್ಲಪ್ಪಾ.”

“ಹಂಗಾದ್ರ ಕಾಯೂಣು,” ಎಂದ ಅಪ್ಪ, ತನ್ನ ಮನೆಯ ಸುದ್ದಿಯೇ ಎಂಬಂತೆ. ಅವ್ವ ಆ ಸಂಜೆ ಅವನ ಪಕ್ಕದಲ್ಲೇ ಕುಳಿತು ಉಂಡಳು. ಸನ್ನೆ ಮಾಡಲಿಲ್ಲ, ತಾನೇ ಸೆರಗಿನಿಂದ ಒರೆಸಿದಳು.

ಬಾವು ಇಳಿದ ಮೇಲೆ ಬಸ್ಸು ಮತ್ತೆ ಸಂತೆ ಬಯಲಿಗೆ ಬಂತು. ದಾನಮ್ಮ ಕುರ್ಚಿಗೆ ಬಂದದ್ದು ಕೈಚೀಲದೊಂದಿಗೆ. ಗಲ್ಲಕ್ಕೆ ಪಟ್ಟಿ ಕಟ್ಟಿಸಿಕೊಂಡ ಮೇಲೆ ಶಾಹೀನ್ ನೈಲಾನ್ ದಾರ ತೆಗೆದರೆ, ಭೌರವ್ವ ಅವಳ ಕೈ ಹಿಡಿದು ನಿಲ್ಲಿಸಿದಳು.

“ಅದನ್ನ ಒಳಗ ಇಡು. ನಮ್ಮದು ನಾವು ತಂದೀವಿ.”

ಚೀಲದಿಂದ ಹೊರಬಂದದ್ದು ಒಂದು ಲಾಳಿ. ಕೈ ತಾಗಿ ತಾಗಿ ಸವೆದು ಕಪ್ಪಾಗಿ ಹೊಳೆಯುವ ಮರ, ಒಳಗೆ ಕುಂಕುಮ ಬಣ್ಣದ ರೇಷ್ಮೆಯ ಕಂಡಿಕೆ.

“ಮನ್ಯಾಗ ಹೀರಿ ನೋಡಿದಿರೇನು?” ಎಂದು ಕೇಳಿದರು ಡಾಕ್ಟರು.

“ಇಲ್ರಿ,” ಎಂದಳು ದಾನಮ್ಮ. “ಧೈರ್ಯ ಆಗಲಿಲ್ಲ. ಇಷ್ಟು ದಿವಸ ಅತ್ತಿ ಎಳದು ಕೊಟ್ಟಾರ.”

“ಮೊದಲ ಆ ಹುಬ್ಬಳ್ಳಿಯಾಕಿ ನೋಡಲಿ ಅಂದ್ಲು,” ಎಂದಳು ಭೌರವ್ವ. ಅನಂತರ ಸ್ಪೀಕರಿನ ಹತ್ತಿರಕ್ಕೆ ಬಂದು, ದೂರದವರೊಂದಿಗೆ ಮಾತಾಡುವಾಗ ಎಲ್ಲರೂ ಮಾಡುವಂತೆ ದನಿ ಏರಿಸಿದಳು. “ಏ ತಂಗೀ, ಬೆರಳಿಗೆ ಟೊಪ್ಪಿಗಿ ಹಾಕ್ಕೊಂಡೀಯೇನು?”

“ಹಾಕ್ಕೊಂಡೀನ್ರವ್ವಾ. ಏನೂ ಒರಸಿಲ್ಲ, ಎರಡೂ ಗೆರಿ ಕಾಣೂಹಂಗ ಇಟ್ಟೀನಿ.”

“ಹಂಗಾದ್ರ ಎಳಿ, ದಾನವ್ವಾ.”

ಮೊದಲು ಏನೂ ಆಗಲಿಲ್ಲ. ದಾನಮ್ಮ ಲಾಳಿಯನ್ನು ತುಟಿಯ ಹತ್ತಿರ ಹಿಡಿದು ಹಾಗೇ ಕುಳಿತಿರಬೇಕು. ಇಂದುಮತಿ ಪರದೆಯನ್ನು ನೋಡದೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಅವಳ ಬೆರಳ ತುದಿಯಲ್ಲಿ, ಎಡಕ್ಕೆ, ಸ್ವಲ್ಪ ಕೆಳಗೆ, ಒಂದು ಎಳೆ ತಾಗಿತು. ತಾಗಿ, ಮೆಲ್ಲಗೆ ಜಾರಿ ದಾಟಿತು. ಎಳೆ ತಂಪಾಗಿತ್ತು. ಯಾರೋ ಆಗಷ್ಟೇ ಅದಕ್ಕೆ ನೀರು ಚಿಮುಕಿಸಿ ತಂದಿದ್ದರು.